ಡ್ರಿಲ್ ಕೆಳಗಿಟ್ಟ ಮೇಲೂ ಬೆರಳು ಜುಮ್ಮೆನ್ನುತ್ತೆ, ಕಿವಿ ಗುಂಯ್‌ಗುಟ್ಟುತ್ತೆ: ತೊಂದರೆ ಮಷಿನ್‌ದೋ, ಬಿಟ್‌ದೋ, ಹಿಡಿಯುವ ರೀತಿಯದೋ?

ಹೊಸಗೈ

ಫಾಲ್ಸ್ ಸೀಲಿಂಗ್, ಕೇಬಲ್ ಟ್ರೇ ಕೂರಿಸುವ ಕೆಲಸದಲ್ಲಿದ್ದೇನೆ. ದಿನದ ಹೆಚ್ಚು ಹೊತ್ತು ಏಣಿ ಹತ್ತಿ ಸ್ಲ್ಯಾಬಿಗೆ 8 ಎಂಎಂ ತೂತು ಹೊಡೆಯುವುದು, ಆಂಕರ್ (ತೂತಿನೊಳಗೆ ಕಚ್ಚಿ ಕೂರುವ ಬೋಲ್ಟ್) ಬಿಗಿಯುವುದು. ಕೈಯಲ್ಲಿರುವುದು 700 ವ್ಯಾಟಿನ ಇಂಪ್ಯಾಕ್ಟ್ ಡ್ರಿಲ್, ಕೊರೆಯುವ ಬಿಟ್ಟನ್ನು ಕಚ್ಚಿ ಹಿಡಿಯುವ ಅದರ ಬಾಯಿ, ಅಂದರೆ ಚಕ್, 13 ಎಂಎಂ. ಇಟ್ಟಿಗೆ ಗೋಡೆಯಲ್ಲಿ ಸಲೀಸಾಗಿ ಇಳಿಯುತ್ತದೆ. ಕಾಂಕ್ರೀಟಿಗೆ ಬಂದರೆ ಅರ್ಧ ಬೆರಳಿನಷ್ಟು ಹೋಗಿ ನಿಂತುಬಿಡುತ್ತದೆ. ಭುಜ ಕೊಟ್ಟು ಒತ್ತಿದರೆ ಮಾತ್ರ ಮುಂದಕ್ಕೆ. ಒಂದು ತೂತಿಗೆ ನಿಮಿಷದ ಹತ್ತಿರ ಹಿಡಿಯುತ್ತದೆ.

ಸಂಜೆ ಮಷಿನ್ ಇಟ್ಟ ಮೇಲೂ ಬೆರಳು ಜುಮುಜುಮು ಅನ್ನುತ್ತಲೇ ಇರುತ್ತದೆ. ಅಂಗಿಯ ಗುಂಡಿ ಹಾಕುವಾಗ ಬೆರಳ ತುದಿಗೆ ಗುಂಡಿ ಸಿಕ್ಕಿದೆಯೋ ಇಲ್ಲವೋ ತಿಳಿಯುವುದಿಲ್ಲ. ಕಿವಿಯೊಳಗಿನ ಗುಂಯ್ ಸದ್ದು ಮಲಗುವವರೆಗೂ ಹೋಗುವುದಿಲ್ಲ. ಜೊತೆಯವರಲ್ಲಿ ಒಬ್ಬರು 1000 ವ್ಯಾಟಿನದು ತಗೋ ಅಂತಾರೆ, ಇನ್ನೊಬ್ಬರು ದಪ್ಪ ಗ್ಲೌಸ್ ಹಾಕ್ಕೋ ಅಂತಾರೆ.

ಮಷಿನ್ ಜೊತೆ ಬಂದ ಪುಸ್ತಕದಲ್ಲಿ ಹೀಗೆ ಬರೆದಿದೆ: ಶಬ್ದದ ಒತ್ತಡ 99 ಡಿಬಿ, ಶಬ್ದದ ಶಕ್ತಿ 110 ಡಿಬಿ, ಕೆ 3 ಡಿಬಿ. ಕಂಪನ, ಕಾಂಕ್ರೀಟಿನಲ್ಲಿ ಇಂಪ್ಯಾಕ್ಟ್ ಹಾಕಿ ಕೊರೆಯುವಾಗ 18 ಮೀ/ಸೆ², ಲೋಹದಲ್ಲಿ 4 ಮೀ/ಸೆ², ಕೆ 1.5. ಇದನ್ನು ಹೇಗೆ ಓದಬೇಕು? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಆರ್ಮೇಚರ್

ವ್ಯಾಟ್ ವಿಚಾರ ಪಕ್ಕಕ್ಕಿಡಿ. ನಿಮ್ಮ ಮಷಿನ್ ಕೆಟ್ಟಿಲ್ಲ, ಅದು ದಿನವಿಡೀ ಸ್ಲ್ಯಾಬ್ ಹೊಡೆಯುವ ಮಷಿನ್ ಅಲ್ಲ, ಅಷ್ಟೇ. ರಿಪೇರಿ ನನ್ನ ಕೆಲಸ, ಇವುಗಳ ಹೊಟ್ಟೆ ದಿನಾ ಬಿಚ್ಚುತ್ತೇನೆ. ಇಂಪ್ಯಾಕ್ಟ್ ಡ್ರಿಲ್‌ನ ಗೇರ್ ಹೆಡ್ ಕಳಚಿದರೆ ಒಳಗೆ ಎದುರುಬದುರಾಗಿ ಎರಡು ಉಕ್ಕಿನ ಬಿಲ್ಲೆ ಕಾಣುತ್ತವೆ, ಎರಡರ ಮುಖದಲ್ಲೂ ಇಳಿಜಾರು ಹಲ್ಲು. ಒಂದು ಬಾಡಿಗೆ ಬಿಗಿದಿರುತ್ತದೆ, ಇನ್ನೊಂದು ಸ್ಪಿಂಡಲ್ ಜೊತೆ ತಿರುಗುತ್ತದೆ. ಸ್ವಿಚ್ಚನ್ನು ಸುತ್ತಿಗೆ ಗುರುತಿಗೆ ತಿರುಗಿಸಿ ಒತ್ತಿದಾಗ ಕಲ್ಲುಹಾಸಿನ ಮೇಲೆ ಬಂಡಿ ಗಾಲಿ ಓಡಿದ ಹಾಗೆ ಹಲ್ಲಿನ ಮೇಲೆ ಹಲ್ಲು ಹತ್ತಿ ಇಳಿಯುತ್ತದೆ. 16 ಹಲ್ಲಿನ ಬಿಲ್ಲೆ ನಿಮಿಷಕ್ಕೆ 2,800 ಸುತ್ತು ತಿರುಗಿದರೆ 44,800 ಏಟು. ಡಬ್ಬದ ಮೇಲೆ ದೊಡ್ಡದಾಗಿ ಅಚ್ಚು ಹಾಕುವುದು ಇದನ್ನೇ. ಆದರೆ ಒಂದೊಂದು ಏಟೂ ತೀರಾ ಸಣ್ಣದು, ಮತ್ತು ಅದಕ್ಕೆ ಬಲ ಬರುವುದು ನಿಮ್ಮ ಭುಜದಿಂದ. ಒತ್ತಿದಷ್ಟೂ ಏಟು ಜೋರಾಗುತ್ತದೆ, ಅಷ್ಟೇ ಜೋರಾಗಿ ಗೇರ್ ಕೇಸಿನ ಮೂಲಕ ಕೈಗೂ ಬರುತ್ತದೆ.

ರೋಟರಿ ಹ್ಯಾಮರ್ ಬೇರೆಯೇ ಜಾತಿ. ಅದರೊಳಗೆ ಸಿಲಿಂಡರ್, ಪಿಸ್ಟನ್ ಇರುತ್ತವೆ. ಪಿಸ್ಟನ್ ಹಿಂದೆ ಮುಂದೆ ಓಡಾಡಿದಾಗ ಅದರ ಮುಂದೆ ಸಿಕ್ಕಿಕೊಂಡ ಗಾಳಿ ಹಿಂಡಿಕೊಂಡು ಸ್ಟ್ರೈಕರನ್ನು ಚಿಮ್ಮಿಸುತ್ತದೆ, ಸ್ಟ್ರೈಕರ್ ಹೋಗಿ ಬಿಟ್‌ನ ಹಿಂಬದಿಗೆ ಬಡಿಯುತ್ತದೆ. ನಿಮಿಷಕ್ಕೆ ಸುಮಾರು 4,000ದಿಂದ 5,000 ಏಟು ಮಾತ್ರ, ಆದರೆ ಸಾಮಾನ್ಯ ಎಸ್‌ಡಿಎಸ್ ಪ್ಲಸ್ (ತೋಡಿರುವ ಬುಡದ ಬಿಟ್ ಹಾಕುವ ಬಗೆಯ) ಮಷಿನ್‌ನಲ್ಲಿ ಏಟಿಗೆ 2ರಿಂದ 3 ಜೂಲ್ ಶಕ್ತಿ. ಬಿಟ್ಟನ್ನು ಚಕ್ ಬಿಗಿಯಾಗಿ ಕಚ್ಚಿರುವುದಿಲ್ಲ. 10 ಎಂಎಂ ದಪ್ಪದ ಬುಡದಲ್ಲಿ ನಾಲ್ಕು ತೋಡುಗಳಿರುತ್ತವೆ: ಎರಡು ಕೊನೆಯವರೆಗೆ ತೆರೆದವು, ಬಿಟ್ಟನ್ನು ತಿರುಗಿಸುವುದಕ್ಕೆ, ಎರಡು ಮುಚ್ಚಿದವು, ಬಿಟ್ ಕೆಳಗೆ ಬೀಳದ ಹಾಗೆ ಹಿಡಿಯುವುದಕ್ಕೆ. ಏಟು ಬಿದ್ದಾಗ ಬಿಟ್ ಮಾತ್ರ ಮುಂದಕ್ಕೆ ಜಾರುತ್ತದೆ, ಇಡೀ ಮಷಿನ್ ಕುಲುಕುವುದಿಲ್ಲ. ಏಟು ಕೊಡುವುದು ಗಾಳಿಯಾದ್ದರಿಂದ ಒತ್ತಿ ಪ್ರಯೋಜನವಿಲ್ಲ. ಮಷಿನ್ ಎಗರದಷ್ಟು ತಾಗಿಸಿ ಹಿಡಿದರೆ ಸಾಕು. ಅದಕ್ಕಿಂತ ಹೆಚ್ಚು ಒತ್ತಿದರೆ ಕೆಲಸ ಬೇಗ ಆಗುವುದಿಲ್ಲ, ಅದುರು ಮಾತ್ರ ಕೈಗೆ ಹೆಚ್ಚು ಸಿಗುತ್ತದೆ.

ಫಿಟ್ಟರ್

ವ್ಯಾಟ್ ಬಗ್ಗೆ ಒಂದು ಮಾತು. ಪ್ಲೇಟಿನ ಮೇಲಿರುವ 700, 1000 ಎಲ್ಲ ಮಷಿನ್ ಒಳಗೆ ಎಳೆದುಕೊಳ್ಳುವ ವಿದ್ಯುತ್ತು. ಬಿಟ್‌ಗೆ ತಲುಪುವುದು ಅದರ ಒಂದು ಪಾಲು, ಉಳಿದದ್ದು ಬಿಸಿ ಮತ್ತು ಸದ್ದು. ತಿರುಚುವ ಬಲ ಬೇಕಾದರೆ ಔಟ್‌ಪುಟ್ ವ್ಯಾಟನ್ನು 9.55ರಿಂದ ಗುಣಿಸಿ, ನಿಮಿಷದ ಸುತ್ತಿನಿಂದ ಭಾಗಿಸಿ. 300 ವ್ಯಾಟ್ ಔಟ್‌ಪುಟ್, 900 ಸುತ್ತು ಅಂದರೆ ಸುಮಾರು 3.2 ನ್ಯೂಟನ್ ಮೀಟರ್. ಎರಡು ಗೇರಿನ ಮಷಿನ್ ನಿಧಾನ ಗೇರಿನಲ್ಲಿ ದಪ್ಪ ಬಿಟ್ಟನ್ನು ಎಳೆಯುವುದು ಇದೇ ಕಾರಣಕ್ಕೆ.

ಲೋಹದ ಚಾನೆಲ್ ಕೊರೆಯುವಾಗ ಹ್ಯಾಮರ್ ಆಫ್ ಮಾಡಿ, ವೇಗ ತಗ್ಗಿಸಿ. ಮೆದು ಉಕ್ಕಿಗೆ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್‌ನ ಅಂಚು ನಿಮಿಷಕ್ಕೆ 25 ಮೀಟರ್ ಓಡಿದರೆ ಸರಿಹೋಗುತ್ತದೆ. ಲೆಕ್ಕ ಹಾಕಿದರೆ 5 ಎಂಎಂ ಬಿಟ್‌ಗೆ ಸುಮಾರು 1,600 ಸುತ್ತು, 10 ಎಂಎಂಗೆ 800. ಸ್ಟೇನ್‌ಲೆಸ್ಸಿಗೆ ಇದರ ಅರ್ಧಕ್ಕಿಂತ ಕಡಿಮೆ. ಜನ ಟ್ರಿಗರ್ ಪೂರ್ತಿ ಎಳೆದು ಸಣ್ಣ ಒತ್ತಡ ಕೊಡುತ್ತಾರೆ. ಬಿಟ್ ಉಜ್ಜಿ ಕೀರಲು ಸದ್ದು ಮಾಡುತ್ತದೆ, ತುದಿ ನೀಲಿಯಾಗುತ್ತದೆ. ಆ ಕೀರಲೇ ಕಿವಿಗೆ ಬಹಳ ಕೆಟ್ಟದ್ದು. ವೇಗ ಇಳಿಸಿ, ಎಣ್ಣೆ ಹನಿಸಿ, ಗಟ್ಟಿಯಾಗಿ ಒತ್ತಿದರೆ ಸುರುಳಿ ಸುರುಳಿಯಾಗಿ ಚೂರು ಬರುತ್ತದೆ, ಸದ್ದೂ ತಗ್ಗುತ್ತದೆ.

ಸೇಫ್ಟಿ ಡೆಸ್ಕ್

ಹೊಸಗೈ ಅವರೇ, ಪುಸ್ತಕದ ಆ ಪುಟ ತೆಗೆದು ನೋಡಿದ್ದೀರಲ್ಲ, ಬಹಳ ಒಳ್ಳೆಯ ಕೆಲಸ. ಹೆಚ್ಚಿನವರು ಅದನ್ನು ಡಬ್ಬದಲ್ಲೇ ಬಿಡುತ್ತಾರೆ.

ಕಂಪನದ ಅಂಕಿ ಕೈಗೆ ತಲುಪುವ ಅದುರಿನ ಜೋರು. ಕೈಗೆ ಆಗುವ ಹಾನಿ ಆ ಜೋರು ಮತ್ತು ಟ್ರಿಗರ್ ಒತ್ತಿದ ಹೊತ್ತು ಎರಡನ್ನೂ ಅವಲಂಬಿಸಿದೆ. ಯುರೋಪಿನ 2002ರ ಕಂಪನ ನಿರ್ದೇಶನದಲ್ಲಿ ಎರಡು ಗೆರೆಗಳಿವೆ. 8 ಗಂಟೆಗೆ ಹಂಚಿ ನೋಡಿದಾಗ 2.5 ಮೀ/ಸೆ² ದಾಟಿದರೆ ಮಾಲೀಕರು ಕ್ರಮ ಕೈಗೊಳ್ಳಬೇಕು, 5 ದಾಟಲೇಬಾರದು. ಬ್ರಿಟನ್ನಿನ ಕೆಲಸದ ಸುರಕ್ಷತಾ ಸಂಸ್ಥೆ ಎಚ್‌ಎಸ್‌ಇ ಇದನ್ನು ಪಾಯಿಂಟ್ ಲೆಕ್ಕಕ್ಕೆ ಇಳಿಸಿದೆ, ಕೆಲಸದ ಜಾಗದಲ್ಲಿ ಅದು ಸುಲಭ: ಕಂಪನದ ಅಂಕಿಯನ್ನು ಅದರಿಂದಲೇ ಗುಣಿಸಿ, ಎರಡರಿಂದ ಗುಣಿಸಿ, ಅಷ್ಟು ಪಾಯಿಂಟ್ ಒಂದು ಗಂಟೆಗೆ. ದಿನಕ್ಕೆ 100 ಆದರೆ ಮೊದಲ ಗೆರೆ, 400 ಆದರೆ ಎರಡನೆಯದು.

ನಿಮ್ಮ 18 ತಗೊಳ್ಳಿ. ಗಂಟೆಗೆ 648 ಪಾಯಿಂಟ್. ಅಂದರೆ 9 ನಿಮಿಷ ದಾಟುವಷ್ಟರಲ್ಲಿ ಮೊದಲ ಗೆರೆ, 37 ನಿಮಿಷಕ್ಕೆ ಎರಡನೆಯದು. ಕೆ ಅಂದರೆ ಅಳತೆಯಲ್ಲಿ ಇರಬಹುದಾದ ಅನಿಶ್ಚಿತತೆ, 1.5 ಕೂಡಿಸಿ 19.5 ಅಂತ ಹಿಡಿಯುವುದೇ ಸರಿ. ಆಗ ಸುಮಾರು 8 ನಿಮಿಷ, 32 ನಿಮಿಷ. ಇದು ಏಣಿ ಹತ್ತಿ ಇಳಿಯುವ ಹೊತ್ತಲ್ಲ, ಬಿಟ್ ತಿರುಗುತ್ತಿರುವ ಹೊತ್ತು ಮಾತ್ರ.

ಈಗ ಹೋಲಿಸಿ. ದಿನಕ್ಕೆ 60 ತೂತು, ಒಂದೊಂದಕ್ಕೂ ಒಂದು ನಿಮಿಷ: ಪೂರ್ತಿ 648 ಪಾಯಿಂಟ್, ಎರಡನೆಯ ಗೆರೆಯ ಆಚೆ. ಅದೇ ತೂತುಗಳನ್ನು 12 ಮೀ/ಸೆ² ಇರುವ ರೋಟರಿ ಹ್ಯಾಮರ್‌ನಲ್ಲಿ 15 ಸೆಕೆಂಡಿಗೊಂದರಂತೆ ಹೊಡೆದರೆ ಒಟ್ಟು 15 ನಿಮಿಷ, 72 ಪಾಯಿಂಟ್. ಮೊದಲ ಗೆರೆಯನ್ನೂ ಮುಟ್ಟುವುದಿಲ್ಲ. ಕಂಪನದ ಅಂಕಿ ಮೂರರಲ್ಲಿ ಒಂದು ಪಾಲು ಇಳಿದದ್ದಕ್ಕಿಂತ ಹೊತ್ತು ಕಾಲುಭಾಗಕ್ಕೆ ಇಳಿದದ್ದು ಹೆಚ್ಚು ಕೆಲಸ ಮಾಡಿದೆ ನೋಡಿ. ಸರಿಯಾದ ಮಷಿನ್ ಕೊಡಿ ಅಂತ ಮೇಸ್ತ್ರಿಯ ಹತ್ತಿರ ಕೇಳುವಾಗ ಈ ಲೆಕ್ಕವನ್ನೇ ಒಂದು ಹಾಳೆಯಲ್ಲಿ ಬರೆದು ತೋರಿಸಿ.

ಕಂಬಿ

ಎಷ್ಟೋ ವರ್ಷದಿಂದ ವೈರಿಂಗ್ ಮಾಡಾಕತ್ತೀನ್ರಿ. ಇಂಪ್ಯಾಕ್ಟ್ ಮಷಿನ್‌ನಾಗ ಸ್ಲ್ಯಾಬ್ ಹೊಡದೇನಿ. ಕೈ ಜುಮ್ ಅನ್ನೂದು ಎಲ್ಲಾರಿಗೂ ಇರ್ತದ, ರಾತ್ರಿ ಮಲಗಿ ಎದ್ರ ಹೋಗ್ತದ. ಪಾಯಿಂಟ್ ಲೆಕ್ಕಾ ಹಾಕ್ಕೋತ ಕುಂತ್ರ ಕೆಲಸ ಆಗೂದು ಯಾವಾಗ? ಮೊದಲ ಬಿಟ್ ಹೊಸಾದು ಹಾಕ್ರಿ. ಅರ್ಧ ತ್ರಾಸ ಅಲ್ಲೇ ಕಡಿಮಿ ಆಗ್ತದ.

ಒಪಿಡಿ ಟಿಪ್ಪಣಿ

ಕಂಬಿ ಅಣ್ಣಾ, ಬಿಟ್ ವಿಷಯ ನೀವು ಹೇಳಿದ್ದು ಸರಿ. ಆದರೆ "ಮಲಗಿ ಎದ್ದರೆ ಹೋಗುತ್ತೆ" ಅನ್ನುವ ಮಾತಿಗೆ ನಾನು ಒಪ್ಪಲಾರೆ. ಕೈ ಅದುರಿನ ಕಾಯಿಲೆ ಶುರುವಾಗುವುದೇ ಹಾಗೆ. ಮೊದಮೊದಲು ಕೆಲಸ ಮುಗಿದ ಮೇಲೆ ಸ್ವಲ್ಪ ಹೊತ್ತು ಜುಮುಜುಮು, ಬೆಳಿಗ್ಗೆಗೆ ಸರಿ. ಆಮೇಲೆ ಜೋಮು ಹೆಚ್ಚು ಹೊತ್ತು ನಿಲ್ಲುತ್ತದೆ. ತಿಂಗಳುಗಳು, ವರ್ಷಗಳು ಕಳೆದ ಮೇಲೆ ಚಳಿಯಲ್ಲೋ ತಣ್ಣೀರು ಮುಟ್ಟಿದಾಗಲೋ ಬೆರಳ ತುದಿ ಸುಣ್ಣದ ಹಾಗೆ ಬೆಳ್ಳಗಾಗುತ್ತದೆ, ರಕ್ತ ವಾಪಸ್ ಬರುವಾಗ ಕೆಂಪೇರಿ ನೋಯುತ್ತದೆ. ಹಿಡಿತದ ಬಲ ಕುಂದುತ್ತದೆ. ಸಣ್ಣ ಸ್ಕ್ರೂ ಎತ್ತಲು ಕಷ್ಟವಾಗುತ್ತದೆ. ಹೊಸಗೈ ಅವರು ಬರೆದ ಅಂಗಿ ಗುಂಡಿಯ ಸಾಲು ಓದಿ ನನಗೆ ಗಾಬರಿಯಾಯಿತು. ಸ್ಪರ್ಶ ಮಂದವಾಗುತ್ತಿದೆ ಅನ್ನುವುದರ ಗುರುತು ಅದು.

ಇದು ಹೊಸದಾಗಿ ಕಂಡುಹಿಡಿದ ಕಾಯಿಲೆಯೂ ಅಲ್ಲ. 1918ರಲ್ಲೇ ಅಲಿಸ್ ಹ್ಯಾಮಿಲ್ಟನ್ ಎಂಬ ವೈದ್ಯೆ ಅಮೆರಿಕದ ಇಂಡಿಯಾನಾದ ಬೆಡ್‌ಫರ್ಡ್‌ನಲ್ಲಿ ಸುಣ್ಣಕಲ್ಲು ಕೆತ್ತುವವರ ಕೈಗಳನ್ನು ಪರೀಕ್ಷಿಸಿದ್ದರು. ಗಾಳಿ ಸುತ್ತಿಗೆ ಹಿಡಿಯುವವರ ಬೆರಳು ಚಳಿಗೆ ಬಿಳಿಚಿಕೊಳ್ಳುವುದನ್ನು ಆಗಲೇ ದಾಖಲಿಸಿದ್ದಾರೆ. ನರಕ್ಕೆ ಆದ ಹಾನಿ ಒಂದು ಹಂತ ದಾಟಿದರೆ ಕೆಲಸ ಬಿಟ್ಟರೂ ಪೂರ್ತಿ ಹಿಂದಿರುಗುವುದಿಲ್ಲ.

ರಾತ್ರಿ ನಿದ್ದೆಯಲ್ಲಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರಬಹುದು. ಅದಕ್ಕೂ ಅದುರಿಗೂ ನಂಟಿದೆ, ಆದರೆ ಚಿಕಿತ್ಸೆ ಬೇರೆ. ಡಾಕ್ಟರ ಹತ್ತಿರ ಹೋದಾಗ ಕೈ ಜೋಮು ಅಂತ ಮಾತ್ರ ಹೇಳಬೇಡಿ, ಯಾವ ಮಷಿನ್, ದಿನಕ್ಕೆ ಎಷ್ಟು ಹೊತ್ತು ಅಂತಲೂ ಹೇಳಿ. ಹೇಳದಿದ್ದರೆ ಅವರ ಗಮನ ಸಕ್ಕರೆ ಕಾಯಿಲೆಯ ಕಡೆಗೋ ಕುತ್ತಿಗೆಯ ಮೂಳೆಯ ಕಡೆಗೋ ಹೋಗುತ್ತದೆ. ಬೀಡಿ ಸಿಗರೇಟು ಸೇದುವವರಿಗೆ ಬೆರಳಿನ ರಕ್ತನಾಳ ಮೊದಲೇ ಕಿರಿದಾಗಿರುತ್ತದೆ, ಅವರಿಗೆ ತೊಂದರೆ ಇನ್ನೂ ಬೇಗ.

ಹೊಸಗೈ

ಓದಿ ಭಯವಾಯಿತು, ಆದರೆ ಹೇಳಿದ್ದು ಒಳ್ಳೆಯದಾಯಿತು. ಡಾಕ್ಟರಿಗೆ ತೋರಿಸುತ್ತೇನೆ. ಹಾಗಾದರೆ ಆ್ಯಂಟಿ ವೈಬ್ರೇಷನ್ ಗ್ಲೌಸ್ ಅಂತ ಸಿಗುತ್ತದಲ್ಲ, ಅದು ಉಪಯೋಗವಿಲ್ಲವಾ?

ಸೇಫ್ಟಿ ಡೆಸ್ಕ್

ಅದನ್ನೇ ನಂಬಿ ಕೂರುವ ಹಾಗಿಲ್ಲ. ಐಎಸ್‌ಒ 10819 ಪರೀಕ್ಷೆ ಪಾಸಾದ ಗ್ಲೌಸ್ ಕೂಡ ತಡೆಯುವುದು ಮುಖ್ಯವಾಗಿ ಸೆಕೆಂಡಿಗೆ 150 ಸಲಕ್ಕಿಂತ ಮೇಲಿನ ಅದುರನ್ನು. ರೋಟರಿ ಹ್ಯಾಮರ್ ನಿಮಿಷಕ್ಕೆ 4,500 ಏಟು ಅಂದರೆ ಸೆಕೆಂಡಿಗೆ 75. ಆ ಅದುರು ಗ್ಲೌಸ್ ದಾಟಿ ಹಾಗೇ ಬರುತ್ತದೆ. ಮೇಲಾಗಿ ದಪ್ಪ ಗ್ಲೌಸ್ ಹಾಕಿದಾಗ ಜಾರೀತು ಅಂತ ಇನ್ನೂ ಬಿಗಿಯಾಗಿ ಹಿಡಿಯುತ್ತೇವೆ. ಬಿಗಿದಷ್ಟೂ ಅದುರು ಒಳಗಿಳಿಯುತ್ತದೆ.

ಫಿಟ್ಟರ್

ಇನ್ನೊಂದು ಅಪಾಯ ಸೇರಿಸಿ. ಲೋಹ, ಮರ ಕೊರೆಯುವಾಗ ಸಡಿಲ ಗ್ಲೌಸಿನ ನೂಲು ಬಿಟ್‌ಗೆ ಸಿಕ್ಕರೆ ಬೆರಳನ್ನೇ ಸುತ್ತಿಕೊಂಡು ಎಳೆಯುತ್ತದೆ. ತಿರುಗುವ ಬಿಟ್ ಹತ್ತಿರ ಬಟ್ಟೆ ಗ್ಲೌಸ್ ಬೇಡವೇ ಬೇಡ. ತೋಳಿನ ಗುಂಡಿ ಹಾಕಿ, ಕೊರಳ ದಾರ ಒಳಗೆ ಹಾಕಿ.

ಒಪಿಡಿ ಟಿಪ್ಪಣಿ

ಕೈ ಬೆಚ್ಚಗಿರಬೇಕು ಅನ್ನುವುದು ಮಾತ್ರ ನಿಜ. ಚಳಿಯಿದ್ದರೆ ಮಷಿನ್ ಹಿಡಿಯುವ ಮೊದಲು, ನಡುನಡುವೆ ಬಿಡುವು ಸಿಕ್ಕಾಗ ಕೈ ಉಜ್ಜಿ, ಬೆರಳು ಆಡಿಸಿ. ಒಂದೇ ಸಮನೆ ಅರ್ಧ ಗಂಟೆ ಹೊಡೆಯುವ ಬದಲು ನಾಲ್ಕೈದು ತೂತು ಹೊಡೆದು, ಆಂಕರ್ ಕೂರಿಸಿ, ಮತ್ತೆ ಹೊಡೆಯಿರಿ.

ಶ್ರವಣ

ಕಿವಿಯ ಬಗ್ಗೆ ಯಾರೂ ಮುಟ್ಟಲಿಲ್ಲ, ನಾನು ಬರೆಯುತ್ತೇನೆ. ಕಿವಿ ಪರೀಕ್ಷೆ ಮಾಡುವುದೇ ನನ್ನ ಕೆಲಸ.

ಪುಸ್ತಕದ ಎರಡು ಅಂಕಿಗಳಲ್ಲಿ 110 ಅನ್ನುವುದು ಮಷಿನ್ ಒಟ್ಟಾರೆ ಹೊರಹಾಕುವ ಸದ್ದು, ಮಷಿನ್‌ಗೆ ಮಷಿನ್ ಹೋಲಿಸಲು ಒಳ್ಳೆಯದು. ಕಿವಿಗೆ ಬೇಕಾದ್ದು 99. ಡೆಸಿಬಲ್ ಲೆಕ್ಕದಲ್ಲಿ 3 ಏರಿದರೆ ಸದ್ದಿನ ಶಕ್ತಿ ಎರಡರಷ್ಟು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಯಾಷ್ ಹೇಳುವುದು 85 ಡಿಬಿಯಲ್ಲಿ 8 ಗಂಟೆ, ಆಮೇಲೆ ಪ್ರತಿ 3 ಡಿಬಿಗೂ ಹೊತ್ತು ಅರ್ಧ. 88ಕ್ಕೆ 4 ಗಂಟೆ, 94ಕ್ಕೆ 1 ಗಂಟೆ, 97ಕ್ಕೆ ಅರ್ಧ ಗಂಟೆ, 100ಕ್ಕೆ ಕಾಲು ಗಂಟೆ. ನಿಮ್ಮ 99ಕ್ಕೆ ಸುಮಾರು 19 ನಿಮಿಷ. ಕೆ ಸೇರಿಸಿ 102 ಅಂತ ಹಿಡಿದರೆ 10 ನಿಮಿಷವೂ ಇಲ್ಲ. ಪುಸ್ತಕದ ಅಂಕಿ ಬರುವುದು ಗೋಡೆಯ ಮಾರ್ದನಿ ಇಲ್ಲದ ಪರೀಕ್ಷಾ ಕೋಣೆಯಲ್ಲಿ. ಗಾರೆ ಮುಗಿದ ಖಾಲಿ ಕೋಣೆಯಲ್ಲಿ, ತಲೆಗಿಂತ ಮೇಲೆ ಮಷಿನ್ ಹಿಡಿದಾಗ, ಸದ್ದು ಗೋಡೆ ಗೋಡೆಗೆ ಬಡಿದು ಇನ್ನೂ ಜೋರಾಗಿಯೇ ಕಿವಿಗೆ ಬರುತ್ತದೆ. ಏಣಿ ಹಿಡಿದು ನಿಂತ ಹುಡುಗನ ಕಿವಿಗೂ ಇದೇ ಸದ್ದು. ಅವನನ್ನು ಎಲ್ಲರೂ ಮರೆಯುತ್ತಾರೆ.

ಗುಂಯ್ ಅನ್ನುವುದು ಒಳಗಿವಿಯ ಕೂದಲು ಕೋಶಗಳು ಬಳಲಿದ ಗುರುತು. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು 4,000 ಹರ್ಟ್ಜ್ ಸುತ್ತಮುತ್ತಲಿನ ಕೇಳ್ಮೆ. ಆಗ ಜನ ಮಾತಾಡುವುದು ಕೇಳಿಸುತ್ತದೆ, ಆದರೆ ಸ, ಶ, ತ, ಕ ಬಿಡಿಸಿ ಕೇಳಿಸುವುದಿಲ್ಲ, ಗದ್ದಲದಲ್ಲಿ ಮಾತು ಅರ್ಥವಾಗುವುದಿಲ್ಲ. ಮನೆಯವರು ಟಿವಿ ಸದ್ದು ಜಾಸ್ತಿ ಇಡ್ತೀಯಾ ಅನ್ನಲು ಶುರುಮಾಡುತ್ತಾರೆ.

ಫೋಮ್ ಇಯರ್‌ಪ್ಲಗ್ ಸಾಕು, ಆದರೆ ಹಾಕುವ ರೀತಿ ಬರಬೇಕು. ಒಣ ಕೈಯಲ್ಲಿ ಪ್ಲಗ್ ಅನ್ನು ಸುಕ್ಕಿಲ್ಲದಂತೆ ಸಣ್ಣಗೆ ಹೊಸೆಯಿರಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ, ಆಗ ಕಿವಿಯ ದಾರಿ ನೇರವಾಗುತ್ತದೆ. ಒಳಗೆ ತೂರಿಸಿ, ಉಬ್ಬುವವರೆಗೆ ಅರ್ಧ ನಿಮಿಷ ಬೆರಳಲ್ಲಿ ಒತ್ತಿ ಹಿಡಿಯಿರಿ. ಎದುರಿಂದ ನೋಡಿದವರಿಗೆ ಪ್ಲಗ್ ಎದ್ದು ಕಾಣುತ್ತಿದ್ದರೆ ಅದು ಕೂತಿಲ್ಲ. ಹತ್ತಿ ತುರುಕಿಕೊಳ್ಳುವುದರಿಂದ ಏನೂ ಆಗುವುದಿಲ್ಲ.

ಬಹಳ ಜನಕ್ಕೆ ಗೊತ್ತಿಲ್ಲದ್ದು ಇದು: 30 ಡಿಬಿ ತಡೆಯುವ ಪ್ಲಗ್ ಅನ್ನು ಸದ್ದಿನ ಅರ್ಧ ಹೊತ್ತು ಮಾತ್ರ ಹಾಕಿಕೊಂಡರೆ ಸಿಗುವ ರಕ್ಷಣೆ 15 ಅಲ್ಲ, ಬರೀ 3 ಡಿಬಿ. ಹತ್ತರಲ್ಲಿ ಒಂದು ಪಾಲು ಹೊತ್ತು ತೆಗೆದಿಟ್ಟರೂ 10ಕ್ಕೆ ಇಳಿದುಬಿಡುತ್ತದೆ. "ಒಂದೇ ತೂತು, ಹೊಡೆದುಬಿಡೋಣ" ಅಂತ ಪ್ಲಗ್ ಇಲ್ಲದೆ ಹೊಡೆಯುವುದೇ ಕಿವಿ ಕಳೆಯುವ ದಾರಿ. ಪದೇ ಪದೇ ಹಾಕಿ ತೆಗೆಯಬೇಕಾದ ಕೆಲಸವಾದರೆ ತಲೆಗೆ ಹಾಕುವ ಇಯರ್‌ಮಫ್ ವಾಸಿ. ಎರಡನ್ನೂ ಒಟ್ಟಿಗೆ ಹಾಕಿದರೆ ಎರಡರ ಅಂಕಿ ಕೂಡುವುದಿಲ್ಲ, ಹೆಚ್ಚೆಂದರೆ 5 ಡಿಬಿ ಆಸುಪಾಸು ಲಾಭ.

ಕಂಬಿ

ಮೇಡಂ, ಕಿವಿ ಮುಚ್ಚಿಕೊಂಡ್ರ ಮಷಿನ್ ಸಪ್ಪಳ ಬದಲಾದದ್ದು ಹೆಂಗ ಗೊತ್ತಾಗಬೇಕ್ರಿ? ಬಿಟ್ ಸ್ಲ್ಯಾಬ್ ಒಳಗಿನ ಕಬ್ಬಿಣದ ಕಂಬಿಗೆ ತಾಗಿದ್ದು ನಮಗ ತಿಳಿಯೂದ ಸಪ್ಪಳದಿಂದ.

ಶ್ರವಣ

ಒಳ್ಳೆಯ ಪ್ರಶ್ನೆ. ಪ್ಲಗ್ ಎಲ್ಲ ಸದ್ದನ್ನೂ ತಗ್ಗಿಸುತ್ತದೆ, ಅಳಿಸುವುದಿಲ್ಲ. 100ರ ಸದ್ದು 75ಕ್ಕೆ ಇಳಿದರೂ ಅದರ ಬದಲಾವಣೆ ಕಿವಿಗೆ ಬೀಳುತ್ತದೆ. ಒಂದು ವಾರದಲ್ಲಿ ಕಿವಿ ಹೊಂದಿಕೊಳ್ಳುತ್ತದೆ. ತೀರಾ ಹೆಚ್ಚು ತಡೆಯುವ ಪ್ಲಗ್ ಹುಡುಕಬೇಡಿ, ಕಿವಿಯೊಳಗೆ 70ರಿಂದ 80 ಉಳಿದರೆ ಸರಿ. ಜೊತೆಯವರ ಕೂಗು ಕೇಳಿಸದಷ್ಟು ಮುಚ್ಚಿಕೊಳ್ಳುವುದೂ ಅಪಾಯವೇ.

ಆರ್ಮೇಚರ್

ಕಂಬಿ ಅಣ್ಣ ಕಂಬಿಯ ಮಾತು ತೆಗೆದರು, ಕೈ ಮುರಿಯುವುದು ಅಲ್ಲೇ. ಬಿಟ್ ಸರಳಿಗೆ ಸಿಕ್ಕಿ ನಿಂತಾಗ ಮೋಟಾರ್ ಬಿಟ್ಟನ್ನು ತಿರುಗಿಸಲಾರದೆ ಬಾಡಿಯನ್ನೇ ತಿರುಗಿಸುತ್ತದೆ. 40 ನ್ಯೂಟನ್ ಮೀಟರ್ ತಿರುಚು ಬಂತು ಅಂತಿಟ್ಟುಕೊಳ್ಳಿ. ಬಿಟ್‌ನ ಗೆರೆಯಿಂದ 10 ಸೆಂಟಿಮೀಟರ್ ದೂರದಲ್ಲಿ ಹಿಡಿದ ಕೈಗೆ ಅದು 40 ಕೆಜಿ ಭಾರ. ಸೈಡ್ ಹ್ಯಾಂಡಲ್ ತುದಿ 20 ಸೆಂಟಿಮೀಟರ್ ದೂರವಿದ್ದರೆ 20 ಕೆಜಿ. ರಿಪೇರಿಗೆ ಬರುವ ಮಷಿನ್‌ಗಳಲ್ಲಿ ಸೈಡ್ ಹ್ಯಾಂಡಲ್ ಇರುವುದೇ ಅಪರೂಪ, ಕಳಚಿ ಎಲ್ಲೋ ಎಸೆದಿರುತ್ತಾರೆ. ನೋಡಿದಾಗೆಲ್ಲ ಸಂಕಟವಾಗುತ್ತದೆ.

ರೋಟರಿ ಹ್ಯಾಮರ್‌ನಲ್ಲಿ ಸೇಫ್ಟಿ ಕ್ಲಚ್ ಇರುತ್ತದೆ. ಬಿಟ್ ಸಿಕ್ಕಿಕೊಂಡರೆ ಕಟಕಟ ಅಂತ ಜಾರಿ ತಿರುಚನ್ನು ಬಿಡುತ್ತದೆ. ಆ ಸದ್ದು ಬಂದ ಕೂಡಲೇ ಟ್ರಿಗರ್ ಬಿಡಿ, ಹಾಗೇ ಓಡಿಸಿದರೆ ಕ್ಲಚ್ ಸವೆದು ಒಂದು ದಿನ ಹಿಡಿದುಬಿಡುತ್ತದೆ. ಈಗಿನ ಕೆಲವು ಮಷಿನ್‌ಗಳಲ್ಲಿ ಬಾಡಿ ಹಠಾತ್ತನೆ ತಿರುಗಿದ್ದನ್ನು ಸೆನ್ಸರ್ ಗುರುತಿಸಿ ಮೋಟಾರ್ ನಿಲ್ಲಿಸುತ್ತದೆ. ಏಣಿಯ ಮೇಲೆ ಕೆಲಸ ಮಾಡುವವರು ಅಂಥದ್ದನ್ನೇ ಹುಡುಕಿ. ಟ್ರಿಗರ್ ಪಕ್ಕದ ಲಾಕ್ ಗುಂಡಿಯನ್ನು ಏಣಿಯ ಮೇಲೆ ಯಾವತ್ತೂ ಒತ್ತಬೇಡಿ, ಕೈ ತಪ್ಪಿದರೂ ಮಷಿನ್ ನಿಲ್ಲುವುದಿಲ್ಲ.

ಸೇಫ್ಟಿ ಡೆಸ್ಕ್

ಕಂಬಿ ಸಿಕ್ಕರೆ ಅದನ್ನು ಕಡಿದು ಮುಂದೆ ಹೋಗಬೇಡಿ, ತೂತಿನ ಜಾಗ ಬದಲಿಸಿ. ಪೋಸ್ಟ್ ಟೆನ್ಷನ್ ಸ್ಲ್ಯಾಬ್ ಆಗಿದ್ದರೆ ನಕ್ಷೆ ನೋಡದೆ, ಎಂಜಿನಿಯರ್ ಒಪ್ಪಿಗೆ ಇಲ್ಲದೆ ಬಿಟ್ ಇಡಲೇಬೇಡಿ. ಅದರೊಳಗಿನ ಕೇಬಲ್ ಭಾರೀ ಎಳೆತದಲ್ಲಿರುತ್ತದೆ, ತುಂಡಾದರೆ ಜೀವಕ್ಕೇ ಕುತ್ತು. ದೂಳಿಗೂ ಒಂದು ಮಾತು: ಕಾಂಕ್ರೀಟ್ ದೂಳಿನಲ್ಲಿ ಸಿಲಿಕಾ ಇದೆ, ಶ್ವಾಸಕೋಶದಲ್ಲಿ ಉಳಿಯುತ್ತದೆ. ತಲೆಯ ಮೇಲೆ ಹೊಡೆಯುವವರಿಗೆ ಕನ್ನಡಕ, ಮುಖಕ್ಕೆ ಸರಿಯಾಗಿ ಕೂರುವ ಎನ್95 ಮಾಸ್ಕ್, ಬಿಟ್‌ಗೆ ದೂಳು ಹಿಡಿಯುವ ಬಟ್ಟಲು ಇಷ್ಟಾದರೂ ಬೇಕು. ಕರವಸ್ತ್ರ ಕಟ್ಟಿಕೊಂಡರೆ ಸಾಲದು.

ಮೇಲ್ಮಹಡಿ

ನಾನು ಕೆಲಸಗಾರನಲ್ಲ, ಇಂಥ ಕಟ್ಟಡದಲ್ಲಿ ವಾಸಿಸುವವಳು. ಎರಡು ಮಹಡಿ ಕೆಳಗೆ ಡ್ರಿಲ್ ಹಿಡಿದರೂ ನಮ್ಮ ಕೋಣೆಯ ಗೋಡೆಯೊಳಗೇ ಹೊಡೆದ ಹಾಗೆ ಕೇಳಿಸುತ್ತದೆ. ಮನೆಯಲ್ಲಿ ಕೂಸಿದೆ. ಇದನ್ನು ತಗ್ಗಿಸುವ ಉಪಾಯ ಏನಾದರೂ ಇದೆಯಾ?

ಶ್ರವಣ

ಆ ಸದ್ದು ಗಾಳಿಯಲ್ಲಿ ಬರುವುದಲ್ಲ. ಏಟು ನೇರ ಕಾಂಕ್ರೀಟಿಗೆ ಇಳಿದು ಕಂಬ, ತೊಲೆ, ಸ್ಲ್ಯಾಬ್ ಹಿಡಿದು ಓಡಿ ನಿಮ್ಮ ಗೋಡೆಯನ್ನು ಅದುರಿಸುತ್ತದೆ, ಗೋಡೆ ಸದ್ದು ಮಾಡುತ್ತದೆ. ಹಾಗಾಗಿ ಕಿಟಕಿ ಮುಚ್ಚಿದರೂ, ಅವರು ಬಾಗಿಲಿಗೆ ಪರದೆ ಕಟ್ಟಿದರೂ ವ್ಯತ್ಯಾಸ ಕಡಿಮೆ. ಉಪಾಯ ಒಂದೇ, ಏಟಿನ ಒಟ್ಟು ಹೊತ್ತು ಇಳಿಸುವುದು. ನಿಮಿಷ ಹಿಡಿಯುವ ತೂತು ಕಾಲು ನಿಮಿಷಕ್ಕೆ ಮುಗಿದರೆ ಕೊರೆಯುವವರ ಕೈಗೂ ನಿಮ್ಮ ಕೂಸಿಗೂ ಒಟ್ಟಿಗೆ ಲಾಭ. ಪೈಪಿಗೆ ದೊಡ್ಡ ತೂತು ಬೇಕಿದ್ದರೆ ಏಟಿಲ್ಲದೆ ಕೊಯ್ಯುವ ಡೈಮಂಡ್ ಕೋರ್ ಬಿಟ್ ಬಳಸಿ ಅಂತ ಕೇಳಿಕೊಳ್ಳಿ.

ಫಿಟ್ಟರ್

ತೂತುಗಳನ್ನೆಲ್ಲ ಮೊದಲೇ ಗುರುತು ಮಾಡಿಕೊಂಡು ಇಷ್ಟು ಗಂಟೆಯಿಂದ ಇಷ್ಟು ಗಂಟೆಗೆ ಹೊಡೆಯುತ್ತೇವೆ ಅಂತ ಹಿಂದಿನ ದಿನವೇ ಮೇಲೆ ಕೆಳಗೆ ಹೇಳಿದರೆ ಜನ ಹೊಂದಿಕೊಳ್ಳುತ್ತಾರೆ. ದಿನವಿಡೀ ಆಗಾಗ ಒಂದೊಂದು ತೂತು ಹೊಡೆಯುವುದನ್ನು ಸಹಿಸುವುದು ಕಷ್ಟ.

ಹೊಸಗೈ

ರೋಟರಿ ಹ್ಯಾಮರ್ ಕೊಡಲು ಮೇಸ್ತ್ರಿ ಒಪ್ಪಿದ್ದಾರೆ. ಯಾರೋ ಬಳಸಿ ಇಟ್ಟಿದ್ದೊಂದು ಇದೆಯಂತೆ. ಅದನ್ನು ಕೈಗೆ ತಗೊಳ್ಳುವಾಗ ಏನು ನೋಡಬೇಕು? ಈಗಿನ ಇಂಪ್ಯಾಕ್ಟ್ ಡ್ರಿಲ್ ಇಟ್ಟುಕೊಳ್ಳಬಹುದಾ?

ಆರ್ಮೇಚರ್

ಇಟ್ಟುಕೊಳ್ಳಿ. ಹ್ಯಾಮರ್ ಆಫ್ ಮಾಡಿ ಲೋಹ, ಮರಕ್ಕೆ ಬಳಸಿದರೆ ಅದೇ 4 ಮೀ/ಸೆ², ಗಂಟೆಗೆ 32 ಪಾಯಿಂಟ್, ಚಿಂತೆಯಿಲ್ಲ. ಟೈಲ್ಸ್‌ಗೂ ಅದೇ, ಟೈಲ್ ದಾಟುವವರೆಗೆ ಏಟು ಹಾಕಬೇಡಿ.

ಹಳೆಯ ಹ್ಯಾಮರ್ ನೋಡುವಾಗ ಪ್ಲಗ್ ಕಿತ್ತು ಶುರುಮಾಡಿ. ಬಿಟ್ ಹಾಕಿ ಅಕ್ಕಪಕ್ಕ ಅಲ್ಲಾಡಿಸಿ. ಹಿಂದೆ ಮುಂದೆ ಸುಮಾರು ಒಂದು ಸೆಂಟಿಮೀಟರ್ ಜಾರುವುದು ಸಹಜ, ಅಕ್ಕಪಕ್ಕ ಗಡಗಡ ಅಂದರೆ ಬಿಟ್ ಹಿಡಿಯುವ ಕೊಳವೆ ಸವೆದಿದೆ. ಅಂಥದ್ದು ತೂತನ್ನೂ ದೊಡ್ಡದು ಮಾಡುತ್ತದೆ, ಕೈಯನ್ನೂ ಅದುರಿಸುತ್ತದೆ. ಹ್ಯಾಂಡಲ್‌ಗೆ ಸ್ಪ್ರಿಂಗ್ ಇದ್ದರೆ ಅಮುಕಿ ಬಿಡಿ, ಸಿಕ್ಕಿಕೊಳ್ಳದೆ ವಾಪಸ್ ಬರಬೇಕು. ಕಾರ್ಬನ್ ಬ್ರಷ್ ತೆಗೆದು ನೋಡಿ, ಗೆರೆಯವರೆಗೆ ಸವೆದಿದ್ದರೆ ಎರಡನ್ನೂ ಒಟ್ಟಿಗೆ ಬದಲಿಸಿ. ವೈರ್ ಹ್ಯಾಂಡಲ್ ಒಳಗೆ ಹೋಗುವ ಕಡೆ ಬಗ್ಗಿಸಿ ನೋಡಿ, ಬಿರುಕು ಅಲ್ಲೇ ಬರುವುದು. ಆಮೇಲೆ ಪ್ಲಗ್ ಹಾಕಿ ಕಾಂಕ್ರೀಟಿಗೆ ಇಡಿ. ಏಟು ಶುರುವಾಗಲು ತಡಮಾಡಿದರೆ, ನಡುವೆ ನಿಂತು ನಿಂತು ಬಡಿದರೆ, ಒಳಗಿನ ಓ ರಿಂಗ್ (ಗಾಳಿ ತಡೆಯುವ ರಬ್ಬರ್ ಬಳೆ) ಸವೆದು ಗಾಳಿ ಸೋರುತ್ತಿದೆ. ಅದನ್ನು ಬದಲಿಸಿ ಹೊಸ ಗ್ರೀಸ್ ತುಂಬಿಸದೆ ಕೆಲಸಕ್ಕೆ ಒಯ್ಯಬೇಡಿ. ಏಟು ಕಡಿಮೆಯಾದ ಮಷಿನ್ ಹಿಡಿದವರು ಮತ್ತೆ ಭುಜ ಕೊಟ್ಟು ಒತ್ತಲು ಶುರುಮಾಡುತ್ತಾರೆ.

ಬಿಟ್ ಮಾತ್ರ ಹೊಸದೇ ತಗೊಳ್ಳಿ, ಕಂಬಿ ಅಣ್ಣ ಹೇಳಿದ ಹಾಗೆ. ಹಳೆಯದನ್ನು ಬೆಳಕಿಗೆ ಹಿಡಿದು ತುದಿಯ ಕಾರ್ಬೈಡ್ ತುಣುಕು ನೋಡಿ. ಅದರ ಹೊರಮೂಲೆಗೆ ಉಗುರು ಎಳೆದರೆ ಕಚ್ಚಬೇಕು. ದುಂಡಗಾಗಿ ಜಾರಿದರೆ, ಅಥವಾ ತುಣುಕಿನ ಅಗಲ ಬಿಟ್‌ನ ಮೈಯಷ್ಟೇ ಆಗಿದ್ದರೆ, ಬಿಟ್ ತೂತಿನಲ್ಲಿ ಉಜ್ಜುತ್ತಿದೆ ಅಂತ ಅರ್ಥ. ಬಿಸಿಯಾದ ಬಿಟ್ಟನ್ನು ನೀರಿಗೆ ಅದ್ದಬೇಡಿ, ಕಾರ್ಬೈಡ್ ಸೀಳುತ್ತದೆ. ಬುಡಕ್ಕೆ ತೆಳ್ಳಗೆ ಗ್ರೀಸ್ ಸವರಿ ಹಾಕಿ.

ಕಂಬಿ

ಎಕ್ಸ್‌ಟೆನ್ಷನ್ ವೈರೂ ನೋಡ್ರಿ. ತೆಳ್ಳಗಿಂದು ಉದ್ದ ಎಳದ್ರ ವೋಲ್ಟೇಜ್ ಬಿದ್ದು ಮಷಿನ್ ಸೋಲ್ತದ. ರೀಲ್ ಇದ್ರ ಪೂರ್ತಿ ಬಿಚ್ಚಿ ಹಾಕ್ರಿ, ಸುತ್ತಿದ್ದು ಹಂಗ ಬಿಟ್ರ ಒಳಗ ಬಿಸಿ ಆಗ್ತದ. ಮತ್ತ ಕರೆಂಟ್ ಸೋರಿದ್ರ ಬಂದ್ ಆಗೂ 30 ಮಿಲಿಆ್ಯಂಪಿನ ಟ್ರಿಪ್ ಸ್ವಿಚ್ ಇಲ್ಲದ ಬೋರ್ಡಿಗೆ ಹಚ್ಚಬ್ಯಾಡ್ರಿ. ಇಯರ್‌ಪ್ಲಗ್ ಡಬ್ಬಿ ನಾನೂ ತರಸ್ತೇನಿ ಮೇಡಂ, ನಮ್ಮ ಹುಡುಗರಿಗೂ ಕೊಡ್ತೀನಿ.